ಅದೇ ಕಪ್, ಅದೇ ಮೈದಾ, ಆದರೆ ಕೇಕ್ ಒಂದು ಸಲ ಹತ್ತಿ, ಒಂದು ಸಲ ಕಲ್ಲು. ಯಾಕೆ?

ಏಲಕ್ಕಿ ಘಮ, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮನೆಯಲ್ಲಿ ಮೊಟ್ಟೆ ಇಲ್ಲದ ಮೊಸರಿನ ಕೇಕ್ ಮಾಡ್ತಾ ಇದ್ದೀನಿ. ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ವೆನಿಲ್ಲಾ. ಓವನ್ 180 ಡಿಗ್ರಿ, 35ರಿಂದ 40 ನಿಮಿಷ. ಇಷ್ಟೇ.

ಕೆಲವು ಸಲ ಎಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ಬೆರಳಲ್ಲಿ ಒತ್ತಿದರೆ ಹಾಗೇ ಮೇಲೆದ್ದು ಬರುತ್ತೆ. ಕೆಲವು ಸಲ ನಡುವೆ ಗುಡ್ಡದ ಹಾಗೆ ಉಬ್ಬಿ, ಮೇಲೆ ಬಿರುಕು ಬಿಟ್ಟು, ಒಳಗೆ ಒಣಕಲು. ಚಾಕು ಇಟ್ಟರೆ ಪುಡಿ ಪುಡಿ. ಮೊನ್ನೆ ಅತ್ತಿಗೆ ಮಗನ ಹುಟ್ಟುಹಬ್ಬಕ್ಕೆ ಮಾಡಿದ್ದು ಎರಡನೇ ಥರದ್ದು. ಮಗು ಒಂದು ತುಂಡು ಬಾಯಿಗಿಟ್ಟು ನೀರು ಕೇಳಿತು. ತುಂಬಾ ಬೇಜಾರಾಯ್ತು.

ಕಪ್ ಒಂದೇ, 240 ಎಂಎಲ್ ಅಂತ ಅಚ್ಚು ಇರೋದು. ಮೈದಾ ಒಂದೇ ಅಂಗಡಿದು. ಕಪ್ ಅಂಚಿಗೆ ಚಾಕು ಎಳೆದು ಸಮ ಮಾಡೇ ಹಾಕ್ತೀನಿ. ಓವನ್ ಕೆಟ್ಟಿದೆಯಾ ಅಂತ ಯಜಮಾನರು ಕೇಳ್ತಾರೆ. ನನಗೆ ಹಿಟ್ಟಿನ ಮೇಲೇ ಅನುಮಾನ. ತಿಳಿದವರು ದಯವಿಟ್ಟು ಹೇಳಿ.

ಜರಡಿ, ಬೆಂಗಳೂರು

ನಿಮ್ಮ ಅನುಮಾನ ಸರಿ ಇದೆ. ನಡುವೆ ಗುಡ್ಡ, ಮೇಲೆ ಬಿರುಕು, ಒಳಗೆ ಒಣಕಲು, ಮೂರೂ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದ್ದು ಹಿಟ್ಟು ಜಾಸ್ತಿಯಾಯ್ತಾ ಅಂತ. ಓವನ್ ವಿಪರೀತ ಬಿಸಿ ಇದ್ದರೂ ಬಿರುಕು ಬಿಡುತ್ತೆ ನಿಜ, ಆದರೆ ಅದು ಪ್ರತಿ ಸಲವೂ ಆಗಬೇಕಿತ್ತು. ನಿಮಗೆ ಒಂದು ಸಲ ಆಗುತ್ತೆ, ಒಂದು ಸಲ ಇಲ್ಲ.

ಎರಡು ಪ್ರಶ್ನೆ. ಮೈದಾ ಯಾವುದರಲ್ಲಿ ಇಡ್ತೀರಿ? ಕಪ್ಪಿಗೆ ಹೇಗೆ ತುಂಬ್ತೀರಿ, ಕಪ್ಪನ್ನೇ ಅದ್ದಿ ತೆಗೀತೀರೋ, ಚಮಚದಲ್ಲಿ ಹಾಕ್ತೀರೋ?

ಏಲಕ್ಕಿ ಘಮ, ತುಮಕೂರು

ಸ್ಟೀಲ್ ಡಬ್ಬಿ. ಒಂದು ಕೆಜಿ ಪ್ಯಾಕೆಟ್ ಪೂರಾ ಹಿಡಿಯಲ್ಲ, ಅದಕ್ಕೇ ಡಬ್ಬಿಯನ್ನ ಕಟ್ಟೆ ಮೇಲೆ ಕುಟ್ಟಿ ಕುಟ್ಟಿ ತುಂಬಿಸ್ತೀನಿ. ಕಪ್ಪನ್ನೇ ಡಬ್ಬಿಗೆ ಅದ್ದಿ ತೆಗೆಯೋದು. ಆಮೇಲೆ ಜರಡಿ ಹಿಡೀತೀನಿ.

ಜರಡಿ, ಬೆಂಗಳೂರು

ಸಿಕ್ತು ಅನ್ಸುತ್ತೆ.

ಮೈದಾ ಸಕ್ಕರೆ ಥರ ಅಲ್ಲ. ಕಣ ಸಣ್ಣದು, ನಡುವೆ ಗಾಳಿ ತುಂಬಿರುತ್ತೆ. ಕುಟ್ಟಿದರೆ ಗಾಳಿ ಹೊರಗೆ ಹೋಗಿ ಹಿಟ್ಟು ಬಿಗಿಯಾಗುತ್ತೆ, ಜರಡಿ ಹಿಡಿದರೆ ಅರಳುತ್ತೆ. ಕಪ್ ಅಳೆಯೋದು ಜಾಗವನ್ನ ಮಾತ್ರ. ಆ ಜಾಗದಲ್ಲಿ ಹಿಟ್ಟೆಷ್ಟು ಗಾಳಿಯೆಷ್ಟು ಅಂತ ಕಪ್ಪಿಗೆ ಗೊತ್ತಿಲ್ಲ. ನೀವು ಹೊಸ ಪ್ಯಾಕೆಟ್ ತುಂಬಿಸಿ ಅದೇ ದಿನ ಕೇಕ್ ಮಾಡಿದಾಗ ಕಲ್ಲು, ಡಬ್ಬಿ ಅರ್ಧ ಖಾಲಿಯಾಗಿ ಹಿಟ್ಟು ಸಡಿಲ ಆದಮೇಲೆ ಮಾಡಿದಾಗ ಹತ್ತಿ. ಹಾಗೇನಾ? ನೆನಪು ಮಾಡಿಕೊಂಡು ನೋಡಿ.

ಇನ್ನೊಂದು, ಜರಡಿ ಹಿಡಿಯೋದು ಅಳೆದ ಮೇಲೋ ಮೊದಲೋ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಹಳೇ ರೆಸಿಪಿಗಳಲ್ಲಿ 'ಜರಡಿ ಹಿಡಿದ ಮೈದಾ ಒಂದು ಕಪ್' ಅಂದ್ರೆ ಮೊದಲು ಜರಡಿ, ಆಮೇಲೆ ಅಳತೆ. 'ಒಂದು ಕಪ್ ಮೈದಾ, ಜರಡಿ ಹಿಡಿದು' ಅಂದ್ರೆ ಉಲ್ಟಾ. ಬರೆದ ಪದ ಅವೇ, ಹಿಟ್ಟಿನಲ್ಲಿ 30–40 ಗ್ರಾಂ ವ್ಯತ್ಯಾಸ.

ಅಡುಗೆಮನೆ ತಕ್ಕಡಿ ಒಂದು ತಗೊಳ್ಳಿ. ಬ್ಯಾಟರಿದು, ಒಂದು ಗ್ರಾಂ ತೋರಿಸೋದು ಸಾಕು.

ಕೈ ಹದ, ಧಾರವಾಡ

ನಾ ಇದನ್ನ ಒಪ್ಪೂದಿಲ್ರಿ. ನಮ್ಮವ್ವ ಯಾವತ್ತೂ ತಕ್ಕಡಿ ಮುಟ್ಟಿದಾಕಿ ಅಲ್ಲ. ಜ್ವಾಳದ ಹಿಟ್ಟಿಗೆ ಎಸರು ಹಾಕಿ ನಾದಾಕ ಕುಂತ್ರ, ಎಷ್ಟು ಹಿಟ್ಟು ಎಷ್ಟು ನೀರು ಅಂತ ಕೈಗೇ ಗೊತ್ತಾಗ್ತಿತ್ತು. ಐವತ್ತು ವರ್ಷ ಹಂಗ ರೊಟ್ಟಿ ಬಡದಾಳ. ಎಲ್ಲಾನೂ ಗ್ರಾಂ ಲೆಕ್ಕ ಹಚ್ಚಿದ್ರ ಕೈಯಾಗಿನ ಹದ ಹೋಗ್ತದ. ಹೊಸಾ ಹುಡುಗ್ಯಾರಿಗೆ ಹದ ಕಲಸ್ರಿ, ಮಷೀನ್ ಅಲ್ಲ.

ಜರಡಿ, ಬೆಂಗಳೂರು

ಅಕ್ಕಾ, ನಿಮ್ಮ ಅವ್ವನ ಕೈ ಬಗ್ಗೆ ನನಗೆ ಪೂರ್ತಿ ಗೌರವ. ಆದರೆ ರೊಟ್ಟಿ ಬೇರೆ, ಕೇಕ್ ಬೇರೆ. ರೊಟ್ಟಿ ಹಿಟ್ಟು ನಾದುವಾಗಲೇ ತಪ್ಪು ಕೈಗೆ ಹೇಳುತ್ತೆ, ಅಲ್ಲೇ ಸರಿ ಮಾಡಬಹುದು. ಒಂದು ರೊಟ್ಟಿ ಹರಿದರೆ ಮುಂದಿನದಕ್ಕೆ ನೀರು ಚಿಮುಕಿಸ್ತೀವಿ. ಕೇಕ್ ಹಿಟ್ಟಿಗೆ ಆ ಅವಕಾಶ ಇಲ್ಲ. ಸೋಡಾ ಬಿದ್ದ ಕೂಡಲೇ ಮೊಸರಿನ ಜೊತೆ ಕೆಲಸ ಶುರು, ಜಾಸ್ತಿ ಕಲಸಿದರೆ ರಬ್ಬರ್. ಬೆಂದ ಮೇಲೆ ತಪ್ಪು ತಿಳಿದರೆ ಏನೂ ಮಾಡೋಕಾಗಲ್ಲ. ಹದ ನೋಡಲು ಸಮಯ ಸಿಗದ ಕಡೆ ತೂಕ ಬೇಕು ಅನ್ನೋದಷ್ಟೇ ನನ್ನ ಮಾತು.

ಬೇಕರಿ ಮನೆ, ಹಾಸನ

ನಮ್ಮಪ್ಪ ಬೇಕರಿ ಭಟ್ಟಿ ಮುಂದೆ ಬದುಕು ಕಳೆದವರು. ಅಲ್ಲಿ ಕಪ್ ಅನ್ನೋ ಮಾತೇ ಇಲ್ಲ. ಎಲ್ಲ ಲೆಕ್ಕವೂ ಮೈದಾದಿಂದ ಶುರು. 'ಕೆಜಿಗೆ ಎಷ್ಟು' ಅಂತಲೇ ಕೇಳೋದು. ಒಂದು ಕೆಜಿ ಮೈದಾಕ್ಕೆ 600 ಎಂಎಲ್ ನೀರು, 20 ಗ್ರಾಂ ಉಪ್ಪು, 10 ಗ್ರಾಂ ಒಣ ಈಸ್ಟ್, 40 ಗ್ರಾಂ ಸಕ್ಕರೆ, 40 ಗ್ರಾಂ ಡಾಲ್ಡಾ ಅಥವಾ ಎಣ್ಣೆ, ಬ್ರೆಡ್ ಆಯ್ತು. 300 ಗ್ರಾಂ ಮೈದಾದಲ್ಲಿ ಮನೆಗೆ ಮಾಡಬೇಕಾ? ಎಲ್ಲವನ್ನೂ 0.3ರಿಂದ ಗುಣಿಸಿ: 180 ನೀರು, 6 ಉಪ್ಪು, 3 ಈಸ್ಟ್, ತಲಾ 12 ಸಕ್ಕರೆ, ಎಣ್ಣೆ. ವಿದೇಶದ ಪುಸ್ತಕಗಳಲ್ಲಿ ಶೇಕಡಾ ಲೆಕ್ಕ ಅಂತ ಬರೆಯೋದೂ ಇದನ್ನೇ. ಮೈದಾ ಯಾವಾಗಲೂ 100, ಉಳಿದದ್ದು ಅದರ ಮೇಲೆ.

ಆದರೆ ಧಾರವಾಡದ ಅಕ್ಕನ ಮಾತಲ್ಲೂ ಸತ್ಯ ಇದೆ. ಹೊಸ ಮೂಟೆ ಬಿಚ್ಚಿದ ದಿನ ಅಪ್ಪ 600 ನೀರನ್ನ ಒಟ್ಟಿಗೆ ಹಾಕುತ್ತಿರಲಿಲ್ಲ. 550 ಹಾಕಿ, ಕಲಸಿ, ಒಂದು ಉಂಡೆ ಕಿತ್ತು ಎರಡು ಕೈಯಲ್ಲಿ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯೋರು. ಹರಿಯದೆ ತೆಳ್ಳಗೆ ಪೊರೆ ಥರ ಬಂದು, ಅದರಾಚೆ ಬೆರಳು ಮಸುಕಾಗಿ ಕಂಡರೆ ಹದ. ಗಟ್ಟಿ ಅನಿಸಿದರೆ ಉಳಿದ 50 ಸ್ವಲ್ಪ ಸ್ವಲ್ಪ ಹಾಕೋರು. ಮೂಟೆಯಿಂದ ಮೂಟೆಗೆ ಗೋಧಿ ಬೇರೆ, ನೀರು ಕುಡಿಯೋದೂ ಬೇರೆ.

ಅಂದ್ರೆ ಮೈದಾ ತೂಕದಿಂದ, ನೀರು ಹದದಿಂದ. ಮನೆಯಲ್ಲಿ ಎಲ್ಲರೂ ಇದನ್ನ ಉಲ್ಟಾ ಮಾಡ್ತಾರೆ. ನೀರು ಸುರಿದು, ಅಂಟ್ತು ಅಂತ ಮೈದಾ ಉದುರಿಸ್ತಾ ಹೋಗ್ತಾರೆ. 300 ಗ್ರಾಂ ಮೈದಾಕ್ಕೆ 195 ನೀರು ಹಾಕಿದ್ದೀರಿ ಅನ್ನಿ, ಶೇ 65. ಅಂಟುತ್ತೆ ಅಂತ ಒಂದು ದೊಡ್ಡ ಹಿಡಿ, 40 ಗ್ರಾಂ ಉದುರಿಸಿದಿರಿ. ಈಗ 340ಕ್ಕೆ 195, ಶೇ 57. ಮೆತ್ತನೆ ಬ್ರೆಡ್ಡಿನ ಹಿಟ್ಟು ಬಿಗಿ ಪೂರಿ ಹಿಟ್ಟಿನ ಕಡೆಗೆ ಹೋಯ್ತು. ಉಪ್ಪು, ಈಸ್ಟ್ ಲೆಕ್ಕವೂ ತಪ್ಪಿತು. ಅಂಟಿದರೆ ಮುಚ್ಚಿಟ್ಟು 20 ನಿಮಿಷ ಬಿಡಿ. ಹಿಟ್ಟು ನೀರು ಕುಡಿದು ತಾನೇ ಹದಕ್ಕೆ ಬರುತ್ತೆ. ಕೈಗೆ ಎಣ್ಣೆ ಸವರಿಕೊಂಡು ನಾದಿ.

ಕೈ ಹದ, ಧಾರವಾಡ

ನಿಮ್ಮಪ್ಪಾರು ಬೆಳಕಿಗೆ ಹಿಡಿದು ನೋಡ್ತಿದ್ದದ್ದು ಓದಿ ಭಾಳ ಖುಷಿ ಆತ್ರಿ. ಇದೇ ನಾ ಹೇಳಿದ ಹದ. ಹಿಟ್ಟು ತೂಗೂದು, ನೀರು ಕೈಯಿಂದ ನೋಡೂದು ಅಂದ್ರ ನಂದೂ ಒಪ್ಪಿಗಿ ಅದ.

ಮೆಲ್ಬರ್ನ್ ಮಲ್ಲಿಗೆ

ಕಪ್ ಬಗ್ಗೆ ಒಂದು ಮಾತು ಸೇರಿಸಲಾ? 'ಒಂದು ಕಪ್' ಅಂದ್ರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 240 ಎಂಎಲ್. ಇಲ್ಲಿ ಆಸ್ಟ್ರೇಲಿಯಾದಲ್ಲಿ 250. ರೈಸ್ ಕುಕ್ಕರ್ ಜೊತೆ ಕೊಡ್ತಾರಲ್ಲ ಪ್ಲಾಸ್ಟಿಕ್ ಕಪ್, ಅದು 180! ನಾನು ಮದುವೆಯಾದ ಹೊಸದರಲ್ಲಿ ಮೈದಾಕ್ಕೆ ಆ ಕಪ್, ಹಾಲಿಗೆ ಅಳತೆ ಜಗ್ ಬಳಸಿ ಮಾಡಿದ ಕೇಕ್ ನಡುವೆ ಕುಸಿದು ತಟ್ಟೆಯಾಗಿತ್ತು. ಟೇಬಲ್ ಚಮಚವೂ ಹಾಗೇ, ಬೇರೆ ಕಡೆ 15 ಎಂಎಲ್, ಇಲ್ಲಿ 20. ಬ್ರಿಟನ್ನಿನ ರೆಸಿಪಿಗಳು ಹೆಚ್ಚಾಗಿ ಗ್ರಾಂನಲ್ಲೇ ಇರುತ್ತೆ, ನನಗೆ ಅವೇ ಇಷ್ಟ.

ಅಮೆರಿಕದವರು ಕಪ್ ಹಿಡಿದುಕೊಂಡಿದ್ದಕ್ಕೂ ಕಾರಣ ಇದೆ. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ತಮ್ಮ ಅಡುಗೆ ಪುಸ್ತಕದಲ್ಲಿ ಕಪ್, ಚಮಚ ಎಲ್ಲವನ್ನೂ ಅಂಚಿಗೆ ಸಮ ಮಾಡಿಯೇ ಅಳೆಯಬೇಕು ಅಂತ ಪಟ್ಟು ಹಿಡಿದರು. ಅದಕ್ಕೆ ಮೊದಲು 'ಟೀ ಕಪ್ಪಿನಷ್ಟು', 'ಮೊಟ್ಟೆ ಗಾತ್ರದ ಬೆಣ್ಣೆ' ಅಂತೆಲ್ಲ ಬರೆಯೋರು. ಆ ಕಾಲಕ್ಕೆ ಅದು ದೊಡ್ಡ ಸುಧಾರಣೆಯೇ. ಕಪ್ಪಿನ ಮೇಲಿನ ಹಿಟ್ಟಿನ ಗೋಪುರ ಹೋಯ್ತು, ಒಳಗಿನ ಹಿಟ್ಟಿನ ಬಿಗಿ ಉಳಿಯಿತು.

ಮಲ್ಲಿಗೆ ಹಂಬು, ಮೈಸೂರು

ಹಳೇ ಅಳತೆಯ ಮಾತು ಬಂದಿದ್ದಕ್ಕೆ ಕೇಳ್ತೀನಿ. ಅಮ್ಮನ ನೋಟ್‌ಬುಕ್ಕಿನಲ್ಲಿ ನಾನ್‌ಕಟಾಯಿ ಹೀಗಿದೆ: 'ಒಂದು ಪಾವು ಮೈದಾ, ಅರೆಪಾವು ಪುಡಿಸಕ್ಕರೆ, ಹಿಡಿಸುವಷ್ಟು ತುಪ್ಪ, ಚಿಟಿಕೆ ಸೋಡಾ'. ಅಮ್ಮ ಹೋಗಿ ಆರು ವರ್ಷ. ಸೇರಿಗೆ ನಾಲ್ಕು ಪಾವು ಅಂತ ಗೊತ್ತು, ಆದರೆ ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಗ್ರಾಂ ಹೇಳ್ತಾರೆ. ಯಾವುದು ನಂಬೋದು?

ಜರಡಿ, ಬೆಂಗಳೂರು

ಯಾವುದನ್ನೂ ನಂಬಬೇಡಿ. ಸೇರು ಊರಿಂದ ಊರಿಗೆ ಬೇರೆ ಇತ್ತು. 1956ರಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದೇ ಈ ಗೊಂದಲ ತಪ್ಪಿಸೋಕೆ. ಅಕ್ಕಿ ತುಂಬಿದ ಪಾವಿನ ತೂಕ, ಮೈದಾ ತುಂಬಿದ ಪಾವಿನ ತೂಕ ಎರಡೂ ಒಂದೇ ಆಗಿರೋಕೆ ಸಾಧ್ಯವೇ ಇಲ್ಲ. ಅಮ್ಮನ ಪಾವು ಮನೆಯಲ್ಲಿದ್ದರೆ ಅದನ್ನೇ ಹುಡುಕಿ, ಅವರು ತುಂಬಿಸುತ್ತಿದ್ದ ಹಾಗೇ ತುಂಬಿಸಿ ತೂಗಿ. ಹೇಗೆ ತುಂಬಿಸೋರು ನೆನಪಿದೆಯಾ?

ಮಲ್ಲಿಗೆ ಹಂಬು, ಮೈಸೂರು

ಇದೆ. ಡಬ್ಬಿಗೆ ಪಾವು ಅದ್ದಿ, ಅಂಗೈಯಿಂದ ಒಮ್ಮೆ ಮೆತ್ತಗೆ ಒತ್ತಿ ಸವರೋರು. ಹಿತ್ತಾಳೆ ಪಾವು ಅಣ್ಣನ ಮನೆಯ ಅಕ್ಕಿ ಡಬ್ಬಿಯಲ್ಲಿದೆ. ಭಾನುವಾರ ತರ್ತೀನಿ.

ಕಡಲ ತಡಿ, ಮಂಗಳೂರು

ನಮ್ಮಲ್ಲಿ ಇನ್ನೊಂದು ಕಷ್ಟ ಉಂಟು. ಮಳೆಗಾಲದಲ್ಲಿ ಮೈದಾ ಕೈಗೇ ಹಸಿ ಹಸಿ ಅನಿಸ್ತದೆ. ಆಗ ಹಿಟ್ಟು ಕಮ್ಮಿ ಹಾಕಬೇಕಾ, ಜಾಸ್ತಿ ಹಾಕಬೇಕಾ? ಮತ್ತೆ ಬಾಳೆಹಣ್ಣಿನ ಬನ್ಸ್ ಮಾಡುವಾಗ ಮೈದಾ ಎಷ್ಟು ಅಂತ ಯಾರೂ ಸರಿ ಹೇಳುವುದಿಲ್ಲ. 'ಹಣ್ಣು ಹಿಡಿಯುವಷ್ಟು' ಅಂತಾರೆ ಅಷ್ಟೆ.

ಜರಡಿ, ಬೆಂಗಳೂರು

ಮಳೆಗಾಲದ ಲೆಕ್ಕ ನೋಡಿ. ಹಿಟ್ಟಿನ ತೇವ ಶೇ 12ರಿಂದ 14ಕ್ಕೆ ಏರಿತು ಅಂದುಕೊಳ್ಳಿ. 300 ಗ್ರಾಂನಲ್ಲಿ ಹೆಚ್ಚಾದ ನೀರು ಆರೇಳು ಗ್ರಾಂ, ಒಂದೂವರೆ ಟೀ ಚಮಚದಷ್ಟು. ಬ್ರೆಡ್ಡಿಗೆ ಕೊನೆಯ ಒಂದೆರಡು ಚಮಚ ನೀರು ತಡೆದಿಟ್ಟರೆ ಮುಗೀತು, ಕೇಕಿಗೆ ಅದೂ ಬೇಡ. ಕಪ್ ಅದ್ದಿ ತೆಗೆಯೋದರಲ್ಲಿ ಆಗುವ ತಪ್ಪು 40 ಗ್ರಾಂ. ಮಳೆಯನ್ನ ದೂರುವ ಮೊದಲು ಕಪ್ಪನ್ನ ನೋಡಬೇಕು. ಮೈದಾ ಗಾಳಿಯಾಡದ ಡಬ್ಬಿಯಲ್ಲಿಡಿ, ಹುಳ ಆಗೋದೂ ಕಮ್ಮಿ.

ಬನ್ಸ್ ಬಗ್ಗೆ ನಿಮ್ಮ ಕಡೆಯವರೇ ಹೇಳಲಿ.

ತೆಂಗಿನ ಗರಿ, ಉಡುಪಿ

ಬನ್ಸಿಗೆ ನಾನು ಹೇಳ್ತೇನೆ. ಅದು ಎಣ್ಣೆಯಲ್ಲಿ ಕರಿಯುವುದು, ಓವನ್ನಿನ ಮಾತಲ್ಲ. ಆದರೆ ಹಿಟ್ಟಿನ ಪಾಠ ಅದರಲ್ಲೇ ಚೆನ್ನಾಗಿ ಉಂಟು. ಇಲ್ಲಿ ನೀರೇ ಹಾಕುವುದಿಲ್ಲ, ಹಣ್ಣಿನದ್ದೇ ಪಸೆ. ಹಣ್ಣು ಎಷ್ಟು ಕಳಿತಿದೆಯೋ ಅಷ್ಟು ನೀರು ಬಿಡ್ತದೆ. ಹಾಗಾಗಿ ಇಲ್ಲಿ ಮಾತ್ರ ಹಿಟ್ಟನ್ನು ಕೊನೆಗೆ ನೋಡಿ ಹಾಕಲೇಬೇಕು. ಸಿಪ್ಪೆ ತೆಗೆದು 200 ಗ್ರಾಂ ಹಣ್ಣು, ಮೂರು ಚಮಚ ಮೊಸರು, ಮೂರು ಚಮಚ ಸಕ್ಕರೆ, ಜೀರಿಗೆ, ಉಪ್ಪು, ಚಿಟಿಕೆ ಸೋಡಾ. ಇದಕ್ಕೆ ನಾನು 300 ಗ್ರಾಂ ಮೈದಾದಿಂದ ಶುರು ಮಾಡ್ತೇನೆ, 340ರ ತನಕ ಹೋದದ್ದುಂಟು.

ಒಂದು ಗುಟ್ಟು: ರಾತ್ರಿ ಕಲಸಿಡುವಾಗ ಚಪಾತಿ ಹಿಟ್ಟಿಗಿಂತ ಒಂಚೂರು ಮೆತ್ತಗೆ ಇರಲಿ, ತೀರಾ ಅಂಟಬಾರದು. ಬೆಳಿಗ್ಗೆ ಅದು ಸಡಿಲ ಆಗಿಯೇ ಆಗ್ತದೆ, ಸಕ್ಕರೆ, ಹಣ್ಣು ಪಸೆ ಬಿಟ್ಟು. ರಾತ್ರಿಯೇ ಸಡಿಲ ಇದ್ದರೆ ಬೆಳಿಗ್ಗೆ ಲಟ್ಟಿಸಲಿಕ್ಕೆ ಆಗ್ಲಿಕ್ಕಿಲ್ಲ. ಆಗ ಮೈದಾ ಸುರಿದರೆ ಬನ್ಸ್ ಒಳಗೆ ಹಸಿಹಿಟ್ಟಿನ ವಾಸನೆ ಬರ್ತದೆ.

ಕಡಲ ತಡಿ, ಮಂಗಳೂರು

ಹಣ್ಣನ್ನು ತೂಗುವುದು ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್ ಅಕ್ಕ.

ಗೋಧಿ ತೆನೆ, ಬೆಳಗಾವಿ

ಮೈದಾ ಬದಲು ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು ಹಾಕ್ತೀನಿ ನಾನು, ಮಕ್ಕಳಿಗೆ ಒಳ್ಳೆಯದು ಅಂತ. ಅಷ್ಟೇ ತೂಕ ಹಾಕಿದರೂ ಬ್ರೆಡ್ ಇಟ್ಟಿಗೆ ಆಗುತ್ತೆ. ಹಿಟ್ಟು ಕಡಿಮೆ ಮಾಡಬೇಕಾ?

ಬೇಕರಿ ಮನೆ, ಹಾಸನ

ಹಿಟ್ಟು ಅಷ್ಟೇ ಇರಲಿ, ನೀರು ಜಾಸ್ತಿ ಮಾಡಿ. ಕಲ್ಲಿನ ಗಿರಣಿಯಲ್ಲಿ ಬೀಸುವಾಗ ಗೋಧಿಯ ಪಿಷ್ಟ ಜಜ್ಜಿ ಹೋಗಿರುತ್ತೆ. ಅಂಥ ಪಿಷ್ಟ ನೀರು ಜಾಸ್ತಿ ಹೀರುತ್ತೆ. ಚಪಾತಿ ಮೆತ್ತಗಾಗೋದೂ ಅದರಿಂದಲೇ. ಜೊತೆಗೆ ತೌಡು, ಅದು ನಿಧಾನವಾಗಿ ಕುಡಿಯುತ್ತೆ. ಕಲಸಿದಾಗ ಸರಿ ಕಂಡ ಹಿಟ್ಟು ಅರ್ಧ ಗಂಟೆಗೆ ಗಟ್ಟಿಯಾಗೋದು ಈ ಕಾರಣಕ್ಕೆ. 300 ಗ್ರಾಂ ಮೈದಾಕ್ಕೆ 180 ನೀರಾದರೆ 300 ಗೋಧಿ ಹಿಟ್ಟಿಗೆ 210ರಿಂದ 225 ಬೇಕಾಗುತ್ತೆ. ಈಸ್ಟ್ ಹಾಕುವ ಮೊದಲು ಬರೀ ಹಿಟ್ಟು ನೀರು ಕಲಸಿ 30 ನಿಮಿಷ ಮುಚ್ಚಿಡಿ, ಆಮೇಲೆ ಉಳಿದದ್ದು ಸೇರಿಸಿ. ತೌಡಿನ ಅಂಚು ನೆನೆದು ಮೆತ್ತಗಾದರೆ ಬ್ರೆಡ್ ಚೆನ್ನಾಗಿ ಏಳುತ್ತೆ. ಮೊದಮೊದಲು ಅರ್ಧ ಮೈದಾ, ಅರ್ಧ ಗೋಧಿ ಮಾಡಿ ನೋಡಿ.

ಮೆಲ್ಬರ್ನ್ ಮಲ್ಲಿಗೆ

ಮೊಟ್ಟೆ ಹಾಕುವವರು ಇದನ್ನೂ ನೋಡಿ. ಅಮೆರಿಕದ ರೆಸಿಪಿಯ 'ದೊಡ್ಡ ಮೊಟ್ಟೆ' ಓಡು ತೆಗೆದರೆ ಸುಮಾರು 50 ಗ್ರಾಂ. ಊರಿಗೆ ಬಂದಾಗ ಅಂಗಡಿ ಮೊಟ್ಟೆ ಒಡೆದು ತೂಗಿದೆ, 41, 44, 43 ಬಂತು. ನಾಲ್ಕು ಮೊಟ್ಟೆ ಕೇಕಿಗೆ ಹತ್ತಿರ ಹತ್ತಿರ 30 ಗ್ರಾಂ ಕೊರತೆ. ಹಿಟ್ಟು ಸರಿಯಾಗೇ ತೂಗಿದ್ದರೂ ಗಟ್ಟಿ ಆಗುತ್ತೆ, ನಾವು ಹಿಟ್ಟನ್ನ ಬೈಕೊಳ್ತೀವಿ. ಎರಡು ಟೇಬಲ್ ಚಮಚ ಹಾಲು ಸೇರಿಸಿದರೆ ಸರಿಹೋಯ್ತು.

ಏಲಕ್ಕಿ ಘಮ, ತುಮಕೂರು

ತಕ್ಕಡಿ ಬಂತು! ಎಲ್ಲ ಕೆಲಸ ಬಿಟ್ಟು ಕೂತು ಅಳೆದಿದ್ದೀನಿ. ಅದೇ 240 ಎಂಎಲ್ ಕಪ್, ಅದೇ ಡಬ್ಬಿ.

ಹೊಸ ಪ್ಯಾಕೆಟ್ ಕುಟ್ಟಿ ತುಂಬಿಸಿ, ಕಪ್ ಅದ್ದಿ ತೆಗೆದು ಸಮ ಮಾಡಿದ್ದು: 151, 155, 150 ಗ್ರಾಂ.
ಫೋರ್ಕಿನಲ್ಲಿ ಕೆದಕಿ ಸಡಿಲ ಮಾಡಿ ಅದ್ದಿದ್ದು: 137, 134.
ಸಡಿಲ ಮಾಡಿ ಚಮಚದಲ್ಲಿ ಹಾಕಿ, ಕಪ್ ಅಲುಗಿಸದೆ ಸಮ ಮಾಡಿದ್ದು: 124, 126, 123.
ಕಪ್ಪಿನ ಮೇಲೇ ಜರಡಿ ಹಿಡಿದದ್ದು: 110, 113.

ನನ್ನ ಕಣ್ಣನ್ನ ನನಗೇ ನಂಬೋಕಾಗಲಿಲ್ಲ. ಕಪ್ ನೋಡಿದರೆ ಎಲ್ಲವೂ ಒಂದೇ ಥರ ತುಂಬಿದೆ. ಒಂದೂವರೆ ಕಪ್ಪಿಗೆ ಕುಟ್ಟಿ ಅದ್ದಿದರೆ 228, ಚಮಚದಲ್ಲಿ ಹಾಕಿದರೆ 186. ನಲವತ್ತೆರಡು ಗ್ರಾಂ! ಆ ಹಿಟ್ಟನ್ನ ಬಟ್ಟಲಿಗೆ ಹಾಕಿ ನೋಡಿದೆ, ಐದು ಟೇಬಲ್ ಚಮಚ ಇತ್ತು. ಹುಟ್ಟುಹಬ್ಬದ ಹಿಂದಿನ ದಿನವೇ ಹೊಸ ಪ್ಯಾಕೆಟ್ ತುಂಬಿಸಿದ್ದು, ನೆನಪಾಯ್ತು.

ಒಂದು ಅನುಮಾನ. ತಕ್ಕಡಿ ಸರಿ ಇದೆ ಅಂತ ಹೇಗೆ ತಿಳಿಯೋದು? ಸೋಡಾ ಹಾಕಿದರೆ ಸೊನ್ನೆಯಲ್ಲೇ ನಿಲ್ಲುತ್ತೆ.

ಜರಡಿ, ಬೆಂಗಳೂರು

ಎಷ್ಟು ಚೆನ್ನಾಗಿ ಅಳೆದಿದ್ದೀರಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒರೆಸಿ ಇಟ್ಟು ನೋಡಿ, 515ರ ಆಸುಪಾಸು ತೋರಿಸಬೇಕು, ಹಾಲು ನೀರಿಗಿಂತ ಸ್ವಲ್ಪ ಭಾರ. ಐದು ಗ್ರಾಂ ಒಳಗಿನದ್ದನ್ನ ಇಂಥ ತಕ್ಕಡಿ ಸರಿ ಹೇಳಲ್ಲ. ಸೋಡಾ, ಬೇಕಿಂಗ್ ಪೌಡರ್, ಈಸ್ಟಿಗೆ ಅಳತೆ ಚಮಚವೇ ಇರಲಿ. ಹಿಟ್ಟನ್ನೂ ತೀರಾ ಚಿಟಿಕೆ ಚಿಟಿಕೆ ಉದುರಿಸಬೇಡಿ, ಕೆಲವು ತಕ್ಕಡಿ ಆ ಸಣ್ಣ ಏರಿಕೆಯನ್ನ ಗಮನಿಸದೆ ಅಲ್ಲೇ ನಿಂತುಬಿಡುತ್ತೆ. ಬಟ್ಟಲನ್ನ ಒಮ್ಮೆ ಎತ್ತಿ ಇಟ್ಟರೆ ನಿಜವಾದ ತೂಕ ತೋರಿಸುತ್ತೆ.

ಇನ್ನು ಮುಂದೆ ಕಪ್ ಮಾತ್ರ ಕೊಟ್ಟ ರೆಸಿಪಿಗೆ 125 ಗ್ರಾಂ ಅಂತ ಹಿಡಿದು ಶುರು ಮಾಡಿ. ಬರೆದವರು ಗ್ರಾಂ ಕೊಟ್ಟಿದ್ದರೆ ಅವರ ಲೆಕ್ಕವೇ ಸರಿ, 120 ಇರಲಿ, 140 ಇರಲಿ.

ಮಲ್ಲಿಗೆ ಹಂಬು, ಮೈಸೂರು

ಅಮ್ಮನ ಪಾವು ತಂದೆ. ಒಳಗೆ ಇನ್ನೂ ಅಕ್ಕಿ ಧೂಳಿತ್ತು, ತೊಳೆದು ಒರೆಸಿ, ಅಮ್ಮನ ಹಾಗೇ ಅದ್ದಿ, ಒತ್ತಿ, ಸವರಿದೆ. ನಾಲ್ಕು ಸಲ. ಸರಾಸರಿ ತೆಗೆದು ನೋಟ್‌ಬುಕ್ಕಿನಲ್ಲಿ ಅಮ್ಮನ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಗ್ರಾಂ ಬರೆದಿದ್ದೀನಿ. 'ಹಿಡಿಸುವಷ್ಟು ತುಪ್ಪ' ಮಾತ್ರ ಹಾಗೇ ಬಿಟ್ಟೆ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳಿಟ್ಟರೆ ಒಡೆಯಬೇಕು ಅಂತ ಅಮ್ಮ ತೋರಿಸಿದ್ದು ಕೈಯಲ್ಲಿದೆ.

ಕೈ ಹದ, ಧಾರವಾಡ

ಓದಿ ಕಣ್ಣಾಗ ನೀರು ಬಂತವ್ವಾ. ಹಂಗ ಬಿಡು ಅದನ್ನ.

ಏಲಕ್ಕಿ ಘಮ, ತುಮಕೂರು

ಇವತ್ತು 186 ಗ್ರಾಂ ಮೈದಾದಲ್ಲಿ ಮಾಡಿದೆ. ಹಾಲಿನ ಪ್ಯಾಕೆಟ್ 517 ತೋರಿಸಿತು. ಕಲಸಿದ ಹಿಟ್ಟು ಸೌಟಿನಿಂದ ಎತ್ತಿ ಬಿಟ್ಟರೆ ಅಗಲ ಪಟ್ಟಿ ಥರ ಇಳಿದು, ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಕರಗಿತು. ಕಲ್ಲಾದ ದಿನ ಅದು ಮುದ್ದೆ ಮುದ್ದೆಯಾಗಿ ಬೀಳ್ತಿತ್ತು, ಆಗ ನನಗೆ ಅರ್ಥವಾಗಿರಲಿಲ್ಲ. 37 ನಿಮಿಷಕ್ಕೆ ಕಡ್ಡಿ ಚುಚ್ಚಿದರೆ ಏನೂ ಅಂಟಲಿಲ್ಲ. ಮೇಲೆ ಬಿರುಕಿಲ್ಲ. ಅತ್ತಿಗೆ ಮನೆಗೆ ಅರ್ಧ ಕಳಿಸಿದೆ. ಮಗು ಎರಡು ತುಂಡು ತಿಂದನಂತೆ, ನೀರು ಕೇಳಲಿಲ್ಲವಂತೆ.

ನಾಳೆ ರವೆ ಕೇಕ್ ಮಾಡೋಣ ಅಂತಿದ್ದೀನಿ. ರವೆಗೂ ಇಷ್ಟೇ ವ್ಯತ್ಯಾಸ ಬರುತ್ತಾ?

ಜರಡಿ, ಬೆಂಗಳೂರು

ಇಲ್ಲ, ರವೆ ಕಣ ದಪ್ಪ, ಅಷ್ಟೊಂದು ಬಿಗಿಯಾಗಲ್ಲ. ಈಗಷ್ಟೇ ಸಣ್ಣ ರವೆ ಮೂರು ಸಲ ಅಳೆದೆ: 171, 174, 170. ಕಪ್ಪಿನಲ್ಲೇ ಅಳೀರಿ, ಪರವಾಗಿಲ್ಲ. ಆದರೆ ಮೊಸರಲ್ಲಿ ಕಲಸಿ 20 ನಿಮಿಷ ನೆನೆಯಲು ಬಿಡಿ, ಗಟ್ಟಿಯಾದರೆ ಹಾಲು ಹಾಕಿ, ಸೋಡಾ ಆಮೇಲೆ.